ಮನೆಯವರ ಜೊತೆ ಸಿನಿಮಾ: ಟಿಕೆಟ್ ಬುಕಿಂಗ್‌ನಿಂದ ಆಮೇಲಿನ ಮಾತುಕತೆವರೆಗೆ

ಐದಾರು ಜನ ಸೇರಿ ಒಂದು ಭಾನುವಾರ ಮಲ್ಟಿಪ್ಲೆಕ್ಸ್‌ಗೆ ಹೋಗಿ ಬಂದರೆ ಟಿಕೆಟ್, ಪಾರ್ಕಿಂಗ್, ಇಂಟರ್‌ವಲ್‌ನ ಪಾಪ್‌ಕಾರ್ನ್ ಎಲ್ಲ ಸೇರಿ ಸಾವಿರಗಳ ಲೆಕ್ಕ. ಅಷ್ಟು ಖರ್ಚು ಮಾಡಿ, ಮೂರು ಗಂಟೆ ಅಕ್ಕಪಕ್ಕ ಕೂತು, ಹೊರಗೆ ಬಂದ ಮೇಲೆ "ಹೇಗಿತ್ತು?", "ಚೆನ್ನಾಗಿತ್ತು" ಅಂತ ಎರಡೇ ಮಾತಿಗೆ ಮುಗಿಸಿಬಿಡುತ್ತೇವೆ. ನನಗೆ ಇದು ದೊಡ್ಡ ನಷ್ಟ ಅನಿಸುತ್ತದೆ. ಸಿನಿಮಾ ನೆಪದಲ್ಲಿ ಮನೆಯವರು ಬೇರೆ ಯಾವಾಗಲೂ ಹೇಳದ ವಿಷಯಗಳನ್ನು ಹೇಳುತ್ತಾರೆ. ಸಿನಿಮಾದ ಅಪ್ಪ ಮಗನನ್ನು ಮನೆಯಿಂದ ಆಚೆ ಹಾಕಿದ್ದು ಸರಿಯಾ ತಪ್ಪಾ ಅಂತ ವಾದ ಶುರುವಾದರೆ, ನಮ್ಮ ಅಪ್ಪನ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಗುತ್ತದೆ. ನೇರವಾಗಿ ಕೇಳಿದರೆ ಅವರು ಹೇಳುವವರಲ್ಲ.

ಆದರೆ ಇಂಥ ಮಾತು ತಾನಾಗೇ ಹುಟ್ಟುವುದಿಲ್ಲ. ಮೊಣಕಾಲು ನೋವಿನಲ್ಲಿ ಒದ್ದಾಡಿದ ಅಜ್ಜಿ, ನಿದ್ದೆಗೆಟ್ಟ ಮಗು, ಪಾರ್ಕಿಂಗ್ ಸಿಗದೆ ಸಿಟ್ಟಾದ ಭಾವ ಸಿನಿಮಾ ಬಗ್ಗೆ ಏನು ಮಾತಾಡಿಯಾರು? ಅದಕ್ಕೇ ತಯಾರಿಯಿಂದಲೇ ಶುರು ಮಾಡೋಣ.

1. ಯಾರು ಬರುತ್ತಾರೆ ಅನ್ನುವುದು ಮೊದಲು, ಯಾವ ಸಿನಿಮಾ ಅನ್ನುವುದು ಆಮೇಲೆ

ಎಷ್ಟೋ ಮನೆಗಳಲ್ಲಿ ಇದು ಉಲ್ಟಾ ಆಗುತ್ತದೆ. ಒಬ್ಬರಿಗೆ ಒಂದು ಸಿನಿಮಾ ನೋಡಬೇಕು ಅನಿಸುತ್ತದೆ, ಉಳಿದವರನ್ನು ಜೊತೆಗೆ ಎಳೆದುಕೊಂಡು ಹೋಗುತ್ತಾರೆ. ಹಾಗೆ ಹೋದವರು ಕೈಕಟ್ಟಿ ಕೂತು ನೋಡುತ್ತಾರೆ. ನಿಮಗೊಬ್ಬರಿಗೇ ಇಷ್ಟದ ಸಿನಿಮಾ ಇದ್ದರೆ ಒಬ್ಬರೇ ಹೋಗಿ ಬನ್ನಿ, ಅದರಲ್ಲಿ ತಪ್ಪೇನಿಲ್ಲ.

ಹಿರಿಯರನ್ನು "ಯಾವ ಸಿನಿಮಾಗೆ ಹೋಗೋಣ?" ಅಂತ ಕೇಳಬೇಡಿ. "ನಿಮಗೆ ಯಾವುದು ಬೇಕೋ ಅದಕ್ಕೆ ಹೋಗೋಣ ಬಿಡಪ್ಪಾ" ಅಂತಲೇ ಉತ್ತರ ಬರುತ್ತದೆ. ಎರಡು ಸಿನಿಮಾ ಆರಿಸಿಕೊಂಡು, ಒಂದೊಂದರ ಬಗ್ಗೆ ಎರಡು ಮಾತು ಹೇಳಿ, "ಇದೆರಡರಲ್ಲಿ ಯಾವುದು?" ಅಂತ ಕೇಳಿ. ಆಗ ನಿಜವಾದ ಇಷ್ಟ ಹೊರಗೆ ಬರುತ್ತದೆ. ಇನ್ನೂ ಒಳ್ಳೆಯ ದಾರಿ ಅಂದರೆ ಸರದಿ. ಈ ಸಲ ಅಮ್ಮ ಆರಿಸಿದರೆ ಮುಂದಿನ ಸಲ ಮಗಳು. ಇದಕ್ಕೆ ಒಂದೇ ಕಟ್ಟಳೆ: ಸಿನಿಮಾ ಕೆಟ್ಟದಾಗಿದ್ದರೂ ಆರಿಸಿದವರನ್ನು ದೂರಬಾರದು.

ಕುಟುಂಬದ ಜೊತೆ ಮೊದಲ ದಿನ ಮೊದಲ ಶೋ ಬೇಡ ಅಂತ ನಾನು ಹೇಳುತ್ತೇನೆ. ಶಿಳ್ಳೆ, ಕಾಗದದ ಚೂರು, ಕುಣಿತ ಎಲ್ಲ ಅಭಿಮಾನಿಗಳ ಹಬ್ಬ, ಅದರ ಖುಷಿಯೇ ಬೇರೆ. ಆದರೆ ಸಂಭಾಷಣೆ ಕೇಳಿಸುವುದಿಲ್ಲ. ದೊಡ್ಡ ಸ್ಟಾರ್ ಸಿನಿಮಾ ಆದರೆ ಎರಡನೇ ವಾರಕ್ಕೆ ಕಾಯಿರಿ. ಸಣ್ಣ ಸಿನಿಮಾ ಆದರೆ ಕಾಯಬೇಡಿ, ಎರಡನೇ ವಾರಕ್ಕೆ ಅದು ಥಿಯೇಟರ್‌ನಲ್ಲೇ ಇಲ್ಲದಿರಬಹುದು. 2025ರ ಜುಲೈ 25ರಂದು ಬಂದ 'ಸು ಫ್ರಮ್ ಸೋ' ನೆನಪಿದೆಯಲ್ವಾ? ಅಬ್ಬರದ ಪ್ರಚಾರ ಇರಲಿಲ್ಲ. ನೋಡಿದವರು ಮನೆಯಲ್ಲಿ, ಆಫೀಸಿನಲ್ಲಿ ಹೇಳಿ ಹೇಳಿಯೇ ಶೋಗಳು ಹೆಚ್ಚಾದವು. ನೀವು ಬೇಗ ನೋಡಿ ನಾಲ್ಕು ಜನಕ್ಕೆ ಹೇಳಿದರೆ ಅಂಥ ಸಿನಿಮಾ ಉಳಿಯುತ್ತದೆ.

2. ಸರ್ಟಿಫಿಕೇಟ್ ನೋಡಿ, ಅವಧಿಯನ್ನೂ ನೋಡಿ

ಮಕ್ಕಳು ಬರುವುದಾದರೆ ಸೆನ್ಸಾರ್ ಮಂಡಳಿಯ ಸರ್ಟಿಫಿಕೇಟ್ ನೋಡದೆ ಟಿಕೆಟ್ ತೆಗೆಯಬೇಡಿ. 'ಯು' ಅಂದರೆ ಎಲ್ಲರೂ ನೋಡಬಹುದು. ಮೊದಲು 'ಯು/ಎ' ಅಂತ ಒಂದೇ ಗುಂಪಿತ್ತು. 2024ರ ಹೊಸ ನಿಯಮಗಳು ಬಂದ ಮೇಲೆ ಅದನ್ನು 7+, 13+, 16+ ಅಂತ ಮೂರು ಮಾಡಿದ್ದಾರೆ. ಇದು ಹೆತ್ತವರಿಗೆ ಕೊಡುವ ಸೂಚನೆ. ಹತ್ತು ವರ್ಷದ ಮಗುವನ್ನು 13+ ಸಿನಿಮಾಗೆ ಕರೆದುಕೊಂಡು ಹೋಗಬೇಕಾ ಬೇಡವಾ ಅನ್ನುವುದು ನಿಮ್ಮ ತೀರ್ಮಾನ. 'ಎ' ಹಾಗಲ್ಲ. 18 ತುಂಬದವರನ್ನು ಅಪ್ಪ ಅಮ್ಮ ಜೊತೆಗಿದ್ದರೂ ಒಳಗೆ ಬಿಡುವಂತಿಲ್ಲ. ಗೇಟಿನಲ್ಲಿ ನಿಂತಿರುವ ಹುಡುಗನ ಜೊತೆ ಅದಕ್ಕಾಗಿ ಜಗಳ ಆಡಬೇಡಿ, ಅವನು ತನ್ನ ಕೆಲಸ ಮಾಡುತ್ತಿದ್ದಾನೆ.

ಅವಧಿ ಬುಕಿಂಗ್ ಆ್ಯಪ್‌ನಲ್ಲೇ ಇರುತ್ತದೆ. ಎರಡು ಮುಕ್ಕಾಲು ಗಂಟೆ ಅಂತಿದ್ದರೆ ಜಾಹೀರಾತು, ಇಂಟರ್‌ವಲ್ ಸೇರಿಸಿ ಮೂರು ಕಾಲು ಗಂಟೆ ಅಂತ ಹಿಡಿಯಿರಿ. ಸಂಜೆ ಆರೂವರೆ ಶೋ ಬಿಡುವಾಗ ಹತ್ತು ಹೊಡೆಯಲು ಬಂದಿರುತ್ತದೆ. ಆಗ ಎಲ್ಲರ ಗಮನ ಕೊನೆಯ ಬಸ್ಸು, ಮೆಟ್ರೋ ಕಡೆ. ಮಾತಿಗೆ ಜಾಗವೇ ಇಲ್ಲ. ಅದಕ್ಕೇ ನನ್ನ ಓಟು ಯಾವಾಗಲೂ ಮ್ಯಾಟ್ನಿಗೆ. ಊಟ ಮಾಡಿ ಹೊರಟರೆ ಸಂಜೆ ಕಾಫಿ ಹೊತ್ತಿಗೆ ಹೊರಗಿರುತ್ತೀರಿ. ರಾತ್ರಿ ಊಟದವರೆಗೆ ಸಮಯ ನಿಮ್ಮದು.

3. ಥಿಯೇಟರ್, ಸೀಟು, ದುಡ್ಡು

ಸಿಂಗಲ್ ಸ್ಕ್ರೀನ್ ಥಿಯೇಟರ್‌ನಲ್ಲಿ ಟಿಕೆಟ್ ಅಗ್ಗ, ಜನರ ನಗು ಮತ್ತು ಚಪ್ಪಾಳೆಯ ಮಜಾ ಜಾಸ್ತಿ. ಹಾಸ್ಯದ ಸಿನಿಮಾ ಅಲ್ಲೇ ನೋಡಬೇಕು. ಆದರೆ ಬಾಲ್ಕನಿಗೆ ಮೆಟ್ಟಿಲು ಇರುತ್ತದೆ, ಎಲ್ಲ ಕಡೆ ಲಿಫ್ಟ್ ಇರುವುದಿಲ್ಲ. ಮಂಡಿ ನೋವಿರುವವರು ಬರುವುದಾದರೆ ಮೊದಲೇ ಫೋನ್ ಮಾಡಿ ಕೇಳಿ. ಮಲ್ಟಿಪ್ಲೆಕ್ಸ್‌ಗಳಲ್ಲಿ ಹಾಲ್‌ವರೆಗೆ ಲಿಫ್ಟ್ ಇದ್ದರೂ ಒಳಗೆ ಮೆಟ್ಟಿಲು ಹತ್ತಬೇಕು, ಅದೂ ಕತ್ತಲೆಯಲ್ಲಿ. ಅಂಥವರ ಜೊತೆ ದೀಪ ಆರುವ ಮುಂಚೆಯೇ ಹೋಗಿ ಕೂರಿ.

ಪರದೆಯಿಂದ ಹಿಂದಕ್ಕೆ ಎಣಿಸಿದರೆ ಮೂರನೇ ಎರಡು ಭಾಗ ದಾಟಿದ ಸಾಲಿನ ನಡುವಿನ ಸೀಟುಗಳು ಚೆನ್ನ. ಅಲ್ಲಿ ಕತ್ತೂ ನೋಯುವುದಿಲ್ಲ, ಸೌಂಡೂ ಸರಿಯಾಗಿ ಬರುತ್ತದೆ. ಹಿರಿಯರಿಗೆ ಮಾತ್ರ ದಾರಿ ಪಕ್ಕದ ಸೀಟು ಕೊಡಿ. ಬಾತ್‌ರೂಮ್‌ಗೆ ಏಳಬೇಕಾದಾಗ ಹತ್ತು ಜನರ ಕಾಲು ದಾಟಬೇಕಲ್ಲ ಅಂತ ಮುಜುಗರ ಪಟ್ಟು ಸುಮ್ನೆ ಕೂತುಬಿಡುತ್ತಾರೆ ಅವರು. ಒಂದು ಶಾಲು ಇಟ್ಟುಕೊಳ್ಳಿ, ಎಸಿ ಅವರಿಗೆ ತಡೆಯುವುದಿಲ್ಲ. ಕಿವಿ ಮಂದ ಇರುವವರಿಗೆ ಸಬ್‌ಟೈಟಲ್ ಇರುವ ಶೋ ಸಿಕ್ಕರೆ ಬಹಳ ಅನುಕೂಲ, ಇಂಗ್ಲಿಷ್ ಓದಲು ಬರುತ್ತಿದ್ದರೆ. ಕೂರುವಾಗ ಹುಡುಗರೆಲ್ಲ ಒಂದು ಕಡೆ, ದೊಡ್ಡವರೆಲ್ಲ ಒಂದು ಕಡೆ ಆಗದಂತೆ ನೋಡಿಕೊಳ್ಳಿ. ತಾತನ ಪಕ್ಕ ಮೊಮ್ಮಗಳು ಕೂತರೆ ಅವರಿಬ್ಬರೂ ಒಂದೇ ಕಡೆ ನಗುತ್ತಾರಾ ಅಂತ ಅವರಿಗೇ ತಿಳಿಯುತ್ತದೆ. ಆಮೇಲೆ ಮಾತಾಡಲು ಅದೇ ಒಂದು ವಿಷಯ.

ದುಡ್ಡಿನ ವಿಚಾರ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಶೇ 5. ಅದಕ್ಕಿಂತ ಜಾಸ್ತಿ ಇದ್ದರೆ ಶೇ 18. ಅದೇ ತಿಂಗಳು ರಾಜ್ಯ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿತು, ಮಲ್ಟಿಪ್ಲೆಕ್ಸ್‌ನವರು ಹೈಕೋರ್ಟ್‌ಗೆ ಹೋದರು, ಕೋರ್ಟ್ ತಡೆ ಕೊಟ್ಟಿತು. ಹಾಗಾಗಿ ಒಂದೇ ಸಿನಿಮಾಗೆ ವಾರದ ದಿನ ಒಂದು ದರ, ಶನಿವಾರ ಭಾನುವಾರ ಇನ್ನೊಂದು ದರ ಇರಬಹುದು. ಹೋಲಿಸಿ ನೋಡಿ. ಆರು ಜನರಿಗೆ ಆ್ಯಪ್‌ನಲ್ಲಿ ಬುಕ್ ಮಾಡಿದರೆ ಕನ್ವೀನಿಯನ್ಸ್ ಫೀ ಕೂಡ ಆರು ಪಟ್ಟು. ಥಿಯೇಟರ್ ಹತ್ತಿರದಲ್ಲಿದ್ದರೆ ಕೌಂಟರ್‌ನಲ್ಲಿ ತೆಗೆದರೆ ಅಷ್ಟು ಉಳಿಯುತ್ತದೆ.

ಹೊರಗಿನ ತಿಂಡಿ ಬೇಡ ಅನ್ನುವ ಹಕ್ಕು ಥಿಯೇಟರ್‌ನವರಿಗೆ ಇದೆ ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಆದರೆ ಕುಡಿಯುವ ನೀರು ಉಚಿತವಾಗಿ ಕೊಡಬೇಕು, ಹಸುಗೂಸಿಗೆ ಬೇಕಾದಷ್ಟು ಆಹಾರ ಒಯ್ಯಲು ಬಿಡಬೇಕು ಅಂತಲೂ ಹೇಳಿದೆ. ಎಳೆ ಮಗು ಇರುವವರು ಈ ಮಾತು ನೆನಪಿಟ್ಟುಕೊಳ್ಳಿ.

4. ಹೊರಡುವ ಮುಂಚೆ

ರಿವ್ಯೂ ಓದಬೇಡಿ. ಓದಿದ್ದರೆ ಉಳಿದವರಿಗೆ ಹೇಳಬೇಡಿ. "ಸೆಕೆಂಡ್ ಹಾಫ್ ಎಳೀತಾರಂತೆ" ಅನ್ನುವ ಒಂದು ಮಾತು ಸಾಕು, ಇಂಟರ್‌ವಲ್ ಆದಕೂಡಲೇ ಎಲ್ಲರೂ ಗಡಿಯಾರ ನೋಡಲು ಶುರು ಮಾಡುತ್ತಾರೆ. ಹಿರಿಯರಿಗೆ ಕಥೆ ಹೇಳದಿದ್ದರೂ ಸಿನಿಮಾದ ಹದ ಹೇಳಿ: "ಹೊಡೆದಾಟ ಸ್ವಲ್ಪ ಜಾಸ್ತಿ ಇದೆ ಅತ್ತೆ, ರಕ್ತ ಗಿಕ್ತ ತೋರಿಸ್ತಾರೆ." ಮೊದಲೇ ಗೊತ್ತಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಾರೆ, ಗೊತ್ತಿಲ್ಲದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಎರಡನೇ ಭಾಗದ ಸಿನಿಮಾ ಆಗಿದ್ದರೆ ಮೊದಲ ಭಾಗದ ಕಥೆಯನ್ನು ಮನೆಯ ಚಿಕ್ಕ ಮಗು ಹೇಳಲಿ. ಅದು ಏನನ್ನು ಬಿಟ್ಟು ಏನನ್ನು ಹೇಳುತ್ತದೆ ಅಂತ ಗಮನಿಸಿ. ಸಿನಿಮಾ ಮಾತುಕತೆ ಅಲ್ಲೇ ಶುರುವಾಯಿತು ಅಂತ ತಿಳಿಯಿರಿ.

5. ಒಳಗೆ ಕೂತಾಗ

ಫೋನ್ ಜೇಬಿನಲ್ಲಿರಲಿ. ಸ್ಟೇಟಸ್‌ಗೆ ಅಂತ ಪರದೆಯ ವಿಡಿಯೋ ತೆಗೆಯುವುದು ಸಣ್ಣ ವಿಷಯ ಅಲ್ಲ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆ ತಿದ್ದುಪಡಿ ಆದ ಮೇಲೆ ಥಿಯೇಟರ್‌ನಲ್ಲಿ ಅನುಮತಿ ಇಲ್ಲದೆ ರೆಕಾರ್ಡ್ ಮಾಡುವುದಕ್ಕೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ ಇದೆ. ಹದಿಹರೆಯದ ಮಕ್ಕಳಿಗೆ ಇದನ್ನು ಸ್ಪಷ್ಟವಾಗಿ ಹೇಳಿ.

ಅಜ್ಜಿ "ಅವನು ಯಾರು?" ಅಂತ ಕೇಳಿದರೆ ಕಿವಿಯಲ್ಲಿ ಒಂದೇ ಸಾಲಿನ ಉತ್ತರ ಕೊಡಿ. ಪೂರ್ತಿ ವಿವರಣೆ ಇಂಟರ್‌ವಲ್‌ನಲ್ಲಿ. ಸಿನಿಮಾ ನೋಡುವಾಗ ವಿಮರ್ಶೆ ಮಾಡುತ್ತಾ ಕೂರಬೇಡಿ, ಮನಸ್ಸು ಬಿಟ್ಟು ನೋಡಿ. ಮಾತಿಗೆ ಬೇಕಾದದ್ದು ತಾನಾಗೇ ಉಳಿದುಕೊಳ್ಳುತ್ತದೆ.

ಇಂಟರ್‌ವಲ್‌ನಲ್ಲಿ ತೀರ್ಪು ಬೇಡ. ಇದೊಂದನ್ನು ಗಟ್ಟಿಯಾಗಿ ಹೇಳುತ್ತೇನೆ. ಮನೆಯ ದೊಡ್ಡವರೊಬ್ಬರು ಕಾಫಿ ಕುಡಿಯುತ್ತಾ "ಏನೂ ಇಲ್ಲ ಇದರಲ್ಲಿ" ಅಂದುಬಿಟ್ಟರೆ, ಇಷ್ಟಪಟ್ಟು ನೋಡುತ್ತಿದ್ದವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಕೇಳಬಹುದಾದ ಪ್ರಶ್ನೆ ಒಂದೇ: "ಮುಂದೆ ಏನಾಗಬಹುದು?" ಎಲ್ಲರೂ ಊಹೆ ಹೇಳಲಿ. ಯಾರ ಊಹೆ ಸರಿಯಾಯಿತು ಅನ್ನುವುದೇ ಸೆಕೆಂಡ್ ಹಾಫ್‌ನ ಕುತೂಹಲ ಹೆಚ್ಚಿಸುತ್ತದೆ.

6. ಹೊರಗೆ ಬಂದ ಮೇಲೆ ಯಾರು ಮೊದಲು ಮಾತಾಡಬೇಕು?

ಪಾರ್ಕಿಂಗ್‌ನಲ್ಲಿ, ಲಿಫ್ಟ್‌ನಲ್ಲಿ ಮಾತು ತೆಗೆಯಬೇಡಿ. ಕೂತು ಮಾತಾಡುವ ಜಾಗಕ್ಕೆ ಹೋಗಿ. ನಿಂತು ತಿನ್ನುವ ದರ್ಶಿನಿ ಬೇಡ, ಟೇಬಲ್ ಇರುವ ಹೋಟೆಲ್ ಆಗಬೇಕು. ಮನೆಗೇ ಬಂದು ಕೈಕಾಲು ತೊಳೆದು ಕೂತರೆ ಇನ್ನೂ ಒಳ್ಳೆಯದು.

ಮನೆಯಲ್ಲಿ ಯಾರ ದನಿ ಕಡಿಮೆ ಕೇಳಿಸುತ್ತದೋ ಅವರಿಗೆ ಮೊದಲ ಮಾತು. ಎಷ್ಟೋ ಮನೆಗಳಲ್ಲಿ ಅದು ಅಜ್ಜಿ, ಇಲ್ಲವೇ ಹೊಸದಾಗಿ ಬಂದ ಸೊಸೆ, ಇಲ್ಲವೇ ಚಿಕ್ಕ ಮಗು. ಸಿನಿಮಾ ಬಗ್ಗೆ ಜಾಸ್ತಿ ತಿಳಿದವರು ಕೊನೆಗೆ ಮಾತಾಡಬೇಕು. ಕ್ಯಾಮೆರಾ, ಎಡಿಟಿಂಗ್, ನಿರ್ದೇಶಕರ ಹಿಂದಿನ ಸಿನಿಮಾ ಅಂತ ಅವರು ಶುರು ಮಾಡಿದರೆ ಉಳಿದವರಿಗೆ ತಮ್ಮ ಮಾತು ಸಣ್ಣದು ಅನಿಸಿಬಿಡುತ್ತದೆ.

"ಹೇಗಿತ್ತು?" ಅನ್ನುವ ಪ್ರಶ್ನೆಯನ್ನು ಕೈಬಿಡಿ. ಅದಕ್ಕೆ "ಚೆನ್ನಾಗಿತ್ತು" ಬಿಟ್ಟರೆ ಬೇರೆ ಉತ್ತರ ಬರುವುದು ಅಪರೂಪ. "ಯಾವ ಸೀನ್ ಮನಸ್ಸಲ್ಲಿ ಉಳೀತು?" ಅಂತ ಕೇಳಿ. "ಯಾರ ಮೇಲೆ ಸಿಟ್ಟು ಬಂತು?" ಅಂತ ಕೇಳಿ. "ಆ ಅಮ್ಮನ ಜಾಗದಲ್ಲಿ ನೀವಿದ್ದರೆ ಏನು ಮಾಡ್ತಿದ್ರಿ?" ಅಂತ ಕೇಳಿ. "ಎಲ್ಲಿ ಬೋರ್ ಆಯ್ತು?" ಅನ್ನುವುದೂ ಒಳ್ಳೆಯ ಪ್ರಶ್ನೆಯೇ, ಆದರೆ ಅದು ಮೊದಲು ಬೇಡ.

7. ಅಭಿಪ್ರಾಯಕ್ಕೆ ಬೇರು ಇರಲಿ

ನಿಮ್ಮ ಸರದಿ ಬಂದಾಗ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಸೀನ್, ಆಮೇಲೆ ನಿಮಗೆ ಆದದ್ದು, ಆಮೇಲೆ ಅದು ಯಾಕೆ ಆಯಿತು ಅಂತ ನಿಮ್ಮ ಊಹೆ. "ಸಿನಿಮಾ ಲ್ಯಾಗ್" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಮದುವೆ ಮನೆ ಹಾಡು ಬಂದ ಮೇಲೆ ಇಪ್ಪತ್ತು ನಿಮಿಷ ಕಥೆ ಮುಂದಕ್ಕೇ ಹೋಗಲಿಲ್ಲ, ಅವರಿಬ್ಬರ ಜಗಳ ನಮಗೆ ಮೊದಲೇ ಗೊತ್ತಿತ್ತು" ಅಂದರೆ ಅದು ಮಾತು. ಇನ್ನೊಬ್ಬರು "ಇಲ್ಲ, ಆ ಹಾಡಿನಲ್ಲೇ ತಂಗಿಯ ಮುಖ ನೋಡಿದ್ಯಾ?" ಅಂತ ತಿರುಗಿ ಕೇಳಬಹುದು. ಅಲ್ಲಿಂದ ಮಾತು ಬೆಳೆಯುತ್ತದೆ.

ತಪ್ಪು ಯಾರದು ಅಂತ ಬಿಡಿಸಿ ನೋಡುವುದನ್ನೂ ಕಲಿಯಬೇಕು. "ಅವನಿಗೆ ಆ್ಯಕ್ಟಿಂಗ್ ಬರಲ್ಲ" ಅನ್ನುತ್ತೇವೆ. ಎಷ್ಟೋ ಸಲ ನಟ ಸರಿಯಾಗೇ ಇರುತ್ತಾನೆ, ಬಾಯಿಗೆ ಒಗ್ಗದ ಸಂಭಾಷಣೆ ಬರೆದಿರುತ್ತಾರೆ. ಡಬ್ಬಿಂಗ್ ಸಿನಿಮಾ ಆದರೆ ದನಿಯೇ ಬೇರೆಯವರದ್ದು. ಹಿನ್ನೆಲೆ ಸಂಗೀತ ಜೋರಾಗಿ ಮಾತು ಮುಳುಗಿಹೋಗಿದ್ದರೆ ಅದು ಥಿಯೇಟರ್‌ನ ಸೌಂಡ್ ತೊಂದರೆಯೂ ಇರಬಹುದು. ಈ ಮಾತುಗಳನ್ನು ಮಕ್ಕಳು ಕೇಳಿಸಿಕೊಂಡರೆ ಅವರ ಕಣ್ಣು ತಾನಾಗೇ ಚುರುಕಾಗುತ್ತದೆ.

ಕನ್ನಡ ಸಿನಿಮಾ ನೋಡಿದಾಗ ಭಾಷೆ ಬಗ್ಗೆ ಹಿರಿಯರನ್ನು ಕೇಳಲೇಬೇಕು. 'ತಿಥಿ' ಸಿನಿಮಾದಲ್ಲಿ ನಟಿಸಿದವರು ಬಹುಪಾಲು ಮಂಡ್ಯ ಕಡೆಯ ಹಳ್ಳಿಯ ಜನರೇ. ಅಂಥ ಸಿನಿಮಾ ನೋಡಿದಾಗ ಆ ಸೀಮೆಯಲ್ಲಿ ಬೆಳೆದ ತಾತನಿಗೆ ಗೊತ್ತಾಗುವ ಸೂಕ್ಷ್ಮಗಳು ಬೆಂಗಳೂರಿನಲ್ಲಿ ಹುಟ್ಟಿದ ಮೊಮ್ಮಗನಿಗೆ ಗೊತ್ತಾಗುವುದಿಲ್ಲ. ಹುಬ್ಬಳ್ಳಿ ಕಡೆಯ ಸೊಸೆ, ಕರಾವಳಿಯ ಅಳಿಯ ಮನೆಯಲ್ಲಿದ್ದರೆ "ನಿಮ್ಮ ಕಡೆ ಹೀಗೇ ಮಾತಾಡ್ತಾರಾ?" ಅಂತ ಕೇಳಿ. "ಇಲ್ಲಪ್ಪಾ, ಇದು ಸಿನಿಮಾದವರು ಮಾಡಿಕೊಂಡ ಭಾಷೆ" ಅಂತ ಅವರು ಹೇಳುವುದೂ ಉಂಟು. ಅದೂ ಒಂದು ಒಳ್ಳೆಯ ವಿಮರ್ಶೆಯೇ.

ಹಿರಿಯರು "ನಮ್ಮ ಕಾಲದಲ್ಲಿ" ಅಂತ ಶುರು ಮಾಡಿದರೆ ಅಡ್ಡ ಬಾಯಿ ಹಾಕಬೇಡಿ. 1972ರ 'ಬಂಗಾರದ ಮನುಷ್ಯ'ವನ್ನು ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಥಿಯೇಟರ್‌ನಲ್ಲಿ ನೋಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಯಾರ ಜೊತೆ ಹೋಗಿದ್ರಿ, ಟಿಕೆಟ್ ಎಷ್ಟಿತ್ತು, ಮನೆಯಲ್ಲಿ ಹೇಳಿ ಹೋಗಿದ್ರಾ ಅಂತ ಕೇಳಿ. ಟೆಂಟ್ ಸಿನಿಮಾದಲ್ಲಿ ನೆಲದ ಮೇಲೆ ಕೂತು ನೋಡಿದ ಕಥೆ ಹೊರಗೆ ಬರುತ್ತದೆ. ಇವತ್ತಿನ ಸಿನಿಮಾ ಪಕ್ಕಕ್ಕೆ ಹೋದರೆ ಹೋಗಲಿ ಬಿಡಿ, ಅದಕ್ಕಿಂತ ಬೆಲೆಬಾಳುವುದು ಸಿಕ್ಕಿದೆ.

ಮಕ್ಕಳು ಕಥೆಯನ್ನು ತಪ್ಪಾಗಿ ಅರ್ಥ ಮಾಡಿಕೊಂಡರೂ ತಿದ್ದಲು ಹೋಗಬೇಡಿ. "ಯಾಕೆ ಹಾಗನಿಸಿತು ಪುಟ್ಟಾ?" ಅಂತ ಕೇಳಿ ಸಾಕು. ವಿಲನ್ ಪಾಪ ಅಂತ ಮಗು ಹೇಳಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

8. ಒಪ್ಪಿಗೆ ಆಗದಾಗ

ಒಬ್ಬರ ಅಚ್ಚುಮೆಚ್ಚಿನ ನಟನ ಬಗ್ಗೆ ಮಾತಾಡುವಾಗ ಪಾತ್ರದ ಹೆಸರಿನಲ್ಲಿ ಮಾತಾಡಿ. ನಟನ ಹೆಸರು ಹಿಡಿದರೆ ಅಭಿಮಾನಕ್ಕೆ ನೋವಾಗುತ್ತದೆ. ಪಾತ್ರದ ತಪ್ಪನ್ನು ಅಭಿಮಾನಿಯೂ ಒಪ್ಪುತ್ತಾನೆ.

ನಂಬಿಕೆಯ ವಿಷಯ ಇನ್ನೂ ನಾಜೂಕು. 2022ರ 'ಕಾಂತಾರ' ಬಂದಾಗ ಕರಾವಳಿಯ ಎಷ್ಟೋ ಮನೆಗಳಿಗೆ ತೆರೆಯ ಮೇಲೆ ಕಂಡದ್ದು ತಮ್ಮ ದೈವ. ಘಟ್ಟದ ಮೇಲಿನವರಿಗೆ ಅದು ಹೊಸ ಅನುಭವ, ಬೆರಗು. ಎರಡೂ ಒಂದೇ ಅಲ್ಲ. ದೈವದ ಕೂಗನ್ನು, ಕುಣಿತವನ್ನು ಮನೆಯಲ್ಲಿ ತಮಾಷೆಗೆ ಅನುಕರಿಸಬಾರದು. 2025ರಲ್ಲಿ 'ಕಾಂತಾರ ಚಾಪ್ಟರ್ 1' ಬಂದಾಗ ದೈವವನ್ನು ಅನುಕರಿಸಬೇಡಿ ಅಂತ ಚಿತ್ರತಂಡವೇ ಕೇಳಿಕೊಂಡಿತ್ತು. ಸಿನಿಮಾದ ಚಿತ್ರಕಥೆಯನ್ನು ಎಷ್ಟು ಬೇಕಾದರೂ ಟೀಕಿಸಿ. ಇನ್ನೊಬ್ಬರು ಕೈಮುಗಿಯುವುದನ್ನು ಬಿಟ್ಟುಬಿಡಿ.

ಯಾರಾದರೂ ಸುಮ್ಮನಾದರೆ ಗಮನಿಸಿ. ಆಸ್ಪತ್ರೆಯ ಸೀನ್, ಸಾವಿನ ಸೀನ್, ಸಾಲಕ್ಕೆ ಮನೆ ಹೋಗುವ ಸೀನ್ ಕೆಲವರಿಗೆ ಬರೀ ಸೀನ್ ಆಗಿರುವುದಿಲ್ಲ. ಅಂಥವರನ್ನು ಮಾತಿಗೆ ಎಳೆಯಬೇಡಿ, ಪಕ್ಕದಲ್ಲಿ ಕೂತಿರಿ. ದನಿ ಏರತೊಡಗಿದರೂ ಅಷ್ಟೇ, "ಇವತ್ತಿಗೆ ಇಷ್ಟು ಸಾಕು, ನಾಳೆ ಮಾತಾಡೋಣ" ಅಂತ ನಿಲ್ಲಿಸಿ. ಮರುದಿನ ಅದೇ ಮಾತು ತಣ್ಣಗೆ ಮುಂದುವರಿಯುತ್ತದೆ.

9. ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ, ಫೋನಿನಲ್ಲಿ

ಕುಟುಂಬದ ಗ್ರೂಪ್‌ನಲ್ಲಿ ಬರೆಯುವಾಗ ನಾಲ್ಕು ಸಾಲು ಸಾಕು. ಯಾರಿಗೆ ಹಿಡಿಸುತ್ತದೆ, ಏನು ಚೆನ್ನಾಗಿದೆ, ಏನು ಕೊರತೆ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ. ಉದಾಹರಣೆಗೆ: "ನಿನ್ನೆ ನೋಡಿಕೊಂಡು ಬಂದ್ವಿ. ಅಣ್ಣ ತಂಗಿ ಕಥೆ, ಅಮ್ಮನಿಗೆ ಬಹಳ ಹಿಡಿಸಿತು. ಮೊದಲ ಅರ್ಧ ಗಂಟೆ ನಿಧಾನ, ತಾಳ್ಮೆ ಇರಲಿ. ಎರಡು ಕಡೆ ಹೊಡೆದಾಟ ಜೋರಾಗಿದೆ, ಚಿಕ್ಕ ಮಕ್ಕಳಿಗೆ ಬೇಡ ಚಿಕ್ಕಮ್ಮ." ಇಂಟರ್‌ವಲ್ ದಾಟಿದ ಮೇಲೆ ನಡೆಯುವ ಯಾವುದನ್ನೂ ಗ್ರೂಪ್‌ಗೆ ಹಾಕಬೇಡಿ. "ಕೊನೆಯಲ್ಲಿ ಒಂದು ಟ್ವಿಸ್ಟ್ ಇದೆ" ಅನ್ನುವುದೂ ಸ್ಪಾಯ್ಲರ್‌ನೇ. ಗೊತ್ತಾದ ಮೇಲೆ ನೋಡುವವರು ಅದನ್ನೇ ಹುಡುಕುತ್ತಾ ಕೂರುತ್ತಾರೆ.

ಮಗಳೋ ತಮ್ಮನೋ ಹೊರದೇಶದಲ್ಲಿದ್ದರೆ ಇಬ್ಬರೂ ಒಂದೇ ವಾರ ನೋಡುವ ಹಾಗೆ ಗೊತ್ತುಮಾಡಿಕೊಳ್ಳಿ. ಅಲ್ಲಿ ಕನ್ನಡ ಸಿನಿಮಾಗೆ ಸಾಮಾನ್ಯವಾಗಿ ವಾರಾಂತ್ಯದಲ್ಲಿ ಕೆಲವೇ ಶೋ ಇರುತ್ತವೆ. ಹಾಗಾಗಿ ಮೊದಲು ಅವರ ಟಿಕೆಟ್ ಗಟ್ಟಿಯಾಗಲಿ, ಆಮೇಲೆ ನಿಮ್ಮದು ತೆಗೆಯಿರಿ. ಆಮೇಲೆ ವಿಡಿಯೋ ಕಾಲ್. ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ ಹತ್ತು ಅಂದರೆ ಅಲ್ಲಿನ ಬೇಸಿಗೆಯಲ್ಲಿ ಇಲ್ಲಿ ಸಂಜೆ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ಎರಡೂ ಕಡೆಗೆ ಹೊಂದುವ ಹೊತ್ತು ಇದು.

10. ಒಂದು ನೋಟ್‌ಬುಕ್

ಮನೆಗೊಂದು ಸಿನಿಮಾ ನೋಟ್‌ಬುಕ್ ಇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಪ್ರತಿ ಸಿನಿಮಾಗೆ ಒಂದು ಪುಟ. ತಾರೀಖು, ಥಿಯೇಟರ್, ಯಾರ್ಯಾರು ಬಂದಿದ್ದರು, ಯಾರು ಆರಿಸಿದ್ದರು, ಒಬ್ಬೊಬ್ಬರದು ಒಂದು ಸಾಲು. ಬರೆಯುವ ಕೆಲಸ ಮಕ್ಕಳಿಗೆ ಕೊಡಿ. ಅಜ್ಜಿ ಹೇಳಿದ್ದನ್ನು ಅಜ್ಜಿಯ ಮಾತಿನಲ್ಲೇ ಬರೆಯಬೇಕು, ಪುಸ್ತಕದ ಭಾಷೆಗೆ ತಿರುಗಿಸಬಾರದು. ಕೌಂಟರ್‌ನಲ್ಲಿ ಕೊಡುವ ನುಣುಪು ಕಾಗದದ ಟಿಕೆಟ್ ಅಂಟಿಸಿ ಸುಮ್ಮನಾಗಬೇಡಿ, ಅದರ ಅಕ್ಷರ ದಿನ ಕಳೆದಂತೆ ಮಾಸಿಹೋಗುತ್ತದೆ. ಸೀಟ್ ನಂಬರ್, ದರ ಎಲ್ಲ ಪೆನ್ನಿನಲ್ಲಿ ಬರೆದಿಡಿ.

ಪುಟದ ಕೆಳಗೆ ನಾಲ್ಕೈದು ಸಾಲು ಖಾಲಿ ಬಿಡಿ. ಅದೇ ಸಿನಿಮಾ ಓಟಿಟಿಗೆ ಬಂದಾಗ ಮತ್ತೆ ನೋಡಿದರೆ, ಅಭಿಪ್ರಾಯ ಬದಲಾದವರು ಅಲ್ಲಿ ಬರೆಯಲಿ. ಹಳೆಯ ಸಾಲನ್ನು ಹೊಡೆದುಹಾಕಬಾರದು.